ಗೇಣೆತ್ತರದ ಹಾಡು

ನಮ್ಮ ಊರಿನಲ್ಲಿ ಹಾಡು ಕೇಳಲು ಹೋಗುವವರು ಮನೆಯಿಂದ ಒಂದು ಕಲ್ಲು ತೆಗೆದುಕೊಂಡು ಹೋಗುತ್ತಿದ್ದರು. ಕಲ್ಲೇ ಆಗಬೇಕೆಂದಿಲ್ಲ. ರುಬ್ಬುವ ಗುಂಡು, ಅಂಗಡಿಯ ತೂಕದ ಬಟ್ಟು, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ, ಏನಾದರೂ ಸರಿ, ಅದನ್ನು ಸೊಂಟಕ್ಕೆ ಬಿಗಿಯಲು ಒಂದು ಹಗ್ಗವಿದ್ದರೆ ಆಯಿತು. ಹೊಸದಾಗಿ ಮದುವೆಯಾದವರು ಇಬ್ಬರೂ ಸೇರಿ ಒಂದೇ ಕಲ್ಲು ಕಟ್ಟಿಕೊಂಡು ನಗೆಪಾಟಲಾಗುತ್ತಿದ್ದರು. ಗಣಿತದ ಮೇಷ್ಟರು ಮಾತ್ರ ಬೀದಿಯಲ್ಲಿ ಕಲ್ಲು ಹೊತ್ತು ನಡೆಯುವುದು ತಮ್ಮ ಘನತೆಗೆ ಕಡಿಮೆಯೆಂದು ಕೋಟಿನ ಜೇಬುಗಳ ತುಂಬ ಮರಳು ಸುರಿದುಕೊಂಡು ಬರುತ್ತಿದ್ದರು. ಕುಣಿಸುವ ಹಾಡು ಬಂದರೆ ನಮ್ಮಲ್ಲಿ ಕಾಲು ನೆಲ ಬಿಡುತ್ತದೆ, ಅದಕ್ಕೆ ಈ ಏರ್ಪಾಡು. ಸಾಧಾರಣ ಹಾಡಿಗೆ ಒಂದು ಬೆರಳು, ಒಳ್ಳೆಯದಕ್ಕೆ ಒಂದು ಗೇಣು. ನಿನ್ನೆಯ ಕಾರ್ಯಕ್ರಮ ಹೇಗಿತ್ತೆಂದು ಕೇಳಿದರೆ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸುತ್ತಿದ್ದರು. ಹಾಡು ಮುಗಿದಾಗ ಎಲ್ಲರೂ ಇಳಿಯುತ್ತಿದ್ದರು. ಹೊರಗಿನ ಊರುಗಳಲ್ಲಿ ಹೀಗಿಲ್ಲ. ಅಲ್ಲಿ ನಾವು ಎಷ್ಟೇ ಚೆನ್ನಾಗಿ ಹಾಡಿದರೂ ಜನ ಮೊಬೈಲು ಎತ್ತಿ ಹಿಡಿಯುತ್ತಾರೆ, ಕಾಲು ಇದ್ದಲ್ಲೇ ಇರುತ್ತದೆ.

ನಮ್ಮ ತಂಡದ ಹೆಸರು ‘ನಾಲ್ಕನೇ ಮನೆ’. ಡ್ರಮ್ಸ್ ಬಾರಿಸುವ ಇಲಿಯಾಸನ ಮನೆ ಓಣಿಯಲ್ಲಿ ನಾಲ್ಕನೆಯದು, ಅದರ ನಡುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆವು, ಹೆಸರಿಗೆ ಬೇರೆ ಅರ್ಥವಿಲ್ಲ. ಗಿಟಾರಿಗೆ ಕೊಟ್ರೇಶ. ನಾನು, ಅಂಬುಜಾ, ಹಾರ್ಮೋನಿಯಂ ಅನ್ನು ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ನಿಂತು ಹಾಡುವವಳು. ಮ್ಯಾಂಡೊಲಿನ್ ತಿಪ್ಪೇಶನದು. ಹಾಡು ಕಟ್ಟುತ್ತಿದ್ದವನೂ ಅವನೇ. ಬಸ್ಸು ಹತ್ತುವಾಗ ಕಳೆದುಹೋದ ಎಡಗಾಲಿನ ಚಪ್ಪಲಿ, ಪಂಕ್ತಿಯ ಕೊನೆಯವರೆಗೂ ಬಾರದ ಹೋಳಿಗೆ, ಯಾರ ಮನೆಯದೆಂದು ಗೊತ್ತಾಗದ ಕುಕ್ಕರಿನ ಸೀಟಿ, ಇಂಥವೇ ಅವನ ಹಾಡುಗಳ ವಸ್ತು. ಮಟ್ಟು ಮಾತ್ರ ಅವನ ಅವ್ವ ಓಬಮ್ಮನವರದು. ಅವರು ರಾಗಿ ಬೀಸುತ್ತಾ ಹಾಡುತ್ತಿದ್ದ ಪದಗಳ ಮಟ್ಟನ್ನು ಎತ್ತಿಕೊಂಡು, ವೇಗ ಹೆಚ್ಚಿಸಿ, ಅದರ ಕೆಳಗೆ ಇಲಿಯಾಸನ ಡ್ರಮ್ಸ್ ಕೊಟ್ಟರೆ ನಮ್ಮ ಹಾಡಾಗುತ್ತಿತ್ತು. “ನನ್ ಪದಕ್ಕೆ ಚಡ್ಡಿ ಹಾಕಿ ಬೀದೀಲಿ ಓಡಿಸ್ತಾನೆ ನೋಡ್ರವ್ವಾ,” ಎಂದು ಓಬಮ್ಮ ಬೈಯುತ್ತಿದ್ದರು. ಬೈದರೂ ಪ್ರತಿ ಕಾರ್ಯಕ್ರಮಕ್ಕೂ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಕಲ್ಲು ಮರೆತು ಬಂದವರಿಗೆ ಬಾಡಿಗೆಗೆ ಕಲ್ಲು ಕೊಡುವುದು ಅವರ ಕಸುಬು. ನಾನು ಅವರನ್ನು ಅತ್ತೆ ಎಂದು ಕರೆಯುತ್ತಿದ್ದೆ. ತಿಪ್ಪೇಶನಿಗೂ ನನಗೂ ಮದುವೆ ಇನ್ನೂ ಆಗಿರಲಿಲ್ಲ, ಆಗುವುದಿತ್ತು. ಕರೆಯುವುದು ಮೊದಲೇ ರೂಢಿಯಾಗಿ ಹೋಗಿತ್ತು.

ಅವನು ಹೋದದ್ದು ನೀರಿನ ಟ್ಯಾಂಕಿನ ಉದ್ಘಾಟನೆಯ ದಿನ. ಶಾಲೆಯ ಮೈದಾನ, ಇಳಿಮಧ್ಯಾಹ್ನದ ಬಿಸಿಲು, ಚಪ್ಪಲಿಯ ಹಾಡು. ಜನ ಗೇಣಿಗಿಂತ ಹೆಚ್ಚೇ ಎದ್ದಿದ್ದರು. ಪಲ್ಲವಿ ಮರಳಿ ಬಂದಾಗ ಮ್ಯಾಂಡೊಲಿನ್ ಚೂರು ಹೊತ್ತು ನಿಂತಿತು. ತಂತಿ ಹರಿಯಿತೇನೋ ಎಂದು ಹಾಡುತ್ತಲೇ ತಿರುಗಿ ನೋಡಿದೆ. ಅವನು ಸೊಂಟದ ಗಂಟು ಬಿಚ್ಚುತ್ತಿದ್ದ. ಬಿಚ್ಚಿ, ಬಗ್ಗಿ, ಕಲ್ಲನ್ನು ಯಾರ ಕಾಲಿಗೂ ತಾಗದ ಹಾಗೆ ವೇದಿಕೆಯ ಒಂದು ಬದಿಗೆ ಇಟ್ಟ, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವವರ ಹಾಗೆ. ಆಮೇಲೆ ಸರಿಯಾಗಿ ತಾಳಕ್ಕೆ ಸೇರಿಕೊಂಡು ನುಡಿಸುತ್ತಾ ಏರಿದ. ಜನ ಸಿಳ್ಳೆ ಹಾಕಿದರು, ಇದೂ ಕಾರ್ಯಕ್ರಮದ ಒಂದು ಭಾಗವೆಂದುಕೊಂಡು. ಮ್ಯಾಂಡೊಲಿನ್ನಿನ ವೈರು ಬಿಗಿದು ಬಿಗಿದು ಕೊನೆಗೆ ಆ್ಯಂಪ್ಲಿಫೈಯರಿನಿಂದ ಕಿತ್ತು ಬಂದು ಅವನ ಹಿಂದೆಯೇ ಬಾಲದ ಹಾಗೆ ಹೋಯಿತು. ಸ್ಪೀಕರಿನ ಸದ್ದು ನಿಂತು ಬರಿಯ ತಂತಿಯ ಸಣ್ಣ ಸದ್ದು ಉಳಿಯಿತು. ಟ್ಯಾಂಕಿನ ಮೇಲೆ, ಅದರಾಚೆಯ ಬಂಡೆಗುಡ್ಡದ ಮೇಲೆ, ಆಮೇಲೆ ಎಲ್ಲೂ ಇಲ್ಲ. ಅವನು ಕೆಳಗೆ ನೋಡಿದ ಎನ್ನುತ್ತಾನೆ ಇಲಿಯಾಸ್. ನನ್ನ ಕಡೆಗೆ ಏನೋ ಹೇಳಿದ ಎನ್ನುತ್ತಾನೆ ಕೊಟ್ರೇಶ, ಏನು ಹೇಳಿದ ಎಂದರೆ ಕೇಳಿಸಲಿಲ್ಲ ಎನ್ನುತ್ತಾನೆ. ನನಗೆ ಕಂಡದ್ದು ಎರಡು ಅಂಗಾಲು ಮಾತ್ರ.

ಹಿಂದಿನ ದಿನ ಜಗಳವಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅವನು ನನ್ನನ್ನು ಬಿಟ್ಟು ಹೋದನೋ, ಸುಮ್ಮನೆ ಹೋದನೋ ಎಂಬುದೊಂದನ್ನು ಬಿಟ್ಟು ಬೇರೇನನ್ನೂ ಯೋಚಿಸಲಾಗದೆ ನಾನು ಎಷ್ಟೋ ದಿನ ಬಚ್ಚಲೊಲೆಯ ಮುಂದೆ ಕೂತಿರುತ್ತಿದ್ದೆ.

ಅವನು ಹೋದ ದಿನ ಸಂಜೆಯೇ ಜನ ನನ್ನನ್ನು ಮತ್ತೆ ವೇದಿಕೆ ಹತ್ತಿಸಿದ್ದರು. “ನಿಧಾನದ್ದು ಒಂದು ಹಾಡವ್ವ, ಇಳಿದು ಬರ್ತಾನೆ” ಎಂದರು. ನಿಧಾನದ ಹಾಡು ಕೆಳಕ್ಕೆ ಜಗ್ಗುತ್ತದೆ, ಅದೂ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ನನಗೆ ನೆನಪಿದ್ದ ಒಂದು ಜೋಗುಳವನ್ನು ಎಳೆದು ಎಳೆದು ಹಾಡಿದೆ. ನಿಂತವರು ಕೂತರು. ಕೂತವರು ಮಲಗಿದರು. ಬೇವಿನ ಮರದಿಂದ ಎಲೆ ಉದುರಿತು, ತಂತಿಯ ಮೇಲಿದ್ದ ಕಾಗೆಗಳು ಇಳಿದು ನೆಲದಲ್ಲಿ ನಡೆದಾಡಿದವು. ಅವನು ಬರಲಿಲ್ಲ. ನಾಳೆ ಬಂದಾನು ಎಂದು ನಾಳೆಯೂ ಹಾಡಿದೆ.

ಹಾಗೆ ‘ನಾಲ್ಕನೇ ಮನೆ’ ನಿಧಾನದ ತಂಡವಾಯಿತು. ಒಂದು ಆಲ್ಬಂ, ಅದರ ಮೇಲೆ ಇನ್ನೊಂದು. ಕೊಟ್ರೇಶನ ಗಿಟಾರಿನಲ್ಲಿ ಎರಡು ಸ್ವರಗಳ ನಡುವೆ ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತಿರುತ್ತಿತ್ತು. ಇಲಿಯಾಸ್ ಕೋಲು ಬಿಟ್ಟು, ಡ್ರಮ್ಮನ್ನು ಮೆಲ್ಲಗೆ ಸವರುವ ತಂತಿಯ ಬ್ರಷ್ ಹಿಡಿದ. ಹೊರಗಿನ ಊರುಗಳಲ್ಲಿ ನಮಗೆ ಹೆಸರು ಬಂದದ್ದೇ ಆಗ. ಪತ್ರಿಕೆಯವರು ತಂಡ ಪಕ್ವವಾಗಿದೆ ಎಂದು ಬರೆದರು. ಒಬ್ಬಾತ ಸಂದರ್ಶನಕ್ಕೆ ಬಂದು, “ಈ ವಿಷಾದ ನಿಮಗೆ ಎಲ್ಲಿಂದ ಬರುತ್ತೆ ಮೇಡಂ?” ಎಂದು ಕೇಳಿದ. “ಮೇಲಿಂದ,” ಎಂದೆ. ಅವನು ಅದನ್ನು ಅಧ್ಯಾತ್ಮವೆಂದು ತಿಳಿದು ಹಾಗೆಯೇ ಅಚ್ಚು ಮಾಡಿಸಿದ.

ಊರು ಹೊಂದಿಕೊಂಡಿತು. ವಾರಕ್ಕೊಂದು ಸಲ ಜಗ್ಗಿಸಿಕೊಂಡರೆ ಆ ಭಾರ ಮುಂದಿನ ವಾರದವರೆಗೂ ಮೈಯಲ್ಲಿ ಉಳಿಯುತ್ತದೆ. ಚಪ್ಪಲಿ ಹೊಲಿಯುವವರು ಟಯರಿನ ಅಟ್ಟೆ ಬಿಟ್ಟು ಬೇರೆ ಹಾಕುವುದನ್ನು ನಿಲ್ಲಿಸಿದರು. ಮಂಚಗಳ ನಡುಭಾಗದ ಕೆಳಗೆ ಆನಿಕೆಗೆ ಇಟ್ಟಿಗೆ ಬಂದವು. ದಿಬ್ಬದ ಬಳಿ ಕಂಡಕ್ಟರು ಕೂಗುವ ಮೊದಲೇ ಜನ ಬಸ್ಸಿನಿಂದ ಇಳಿದು ನಡೆದು ಹತ್ತುತ್ತಿದ್ದರು. ಮಕ್ಕಳು ಕುಂಟೆಬಿಲ್ಲೆ ಬಿಟ್ಟು ಕೂತು ಆಡುವ ಆಟಗಳನ್ನು ಹಿಡಿದರು. ಯಾರೂ ನನ್ನನ್ನು ಬೈಯಲಿಲ್ಲ. ಮಾತಿನ ನಡುವೆ ಒಮ್ಮೆ ತಲೆ ಎತ್ತಿ ಆಕಾಶ ನೋಡಿ ಮತ್ತೆ ಮಾತಿಗೆ ಮರಳುವುದು ಎಲ್ಲರಿಗೂ ಚಾಳಿಯಾಗಿತ್ತು. ಓಬಮ್ಮನ ಕಲ್ಲುಗಳನ್ನು ಕೇಳುವವರಿಲ್ಲದೆ ಅವು ಹಿತ್ತಿಲು ಸೇರಿದವು. ಅವರು ಶಾಲೆಯ ಗೇಟಿನ ಎದುರು ಮಂಡಕ್ಕಿ ಮಾರತೊಡಗಿದರು.

ನನ್ನ ಲೆಕ್ಕ ಸರಳವಾಗಿತ್ತು. ಅವನು ಎಲ್ಲೋ ಮೇಲೆ, ಇನ್ನೂ ಕೇಳಿಸುವಷ್ಟು ದೂರದಲ್ಲಿದ್ದಾನೆ. ಒಂದು ದಿನ ನಮ್ಮ ಹಾಡು ಅವನ ಕಾಲು ಹಿಡಿಯುತ್ತದೆ. ಅಲ್ಲಿಯವರೆಗೆ ಚುರುಕಿನ ಹಾಡು ಒಂದನ್ನೂ ಹಾಡಬಾರದು, ಹಾಡಿದರೆ ಅವನು ಇನ್ನಷ್ಟು ಏರಿ ಕೈ ತಪ್ಪಿಹೋಗುತ್ತಾನೆ.

ಇಲಿಯಾಸನಿಗೆ ಮಗಳು ಹುಟ್ಟಿದ್ದು ಈ ನಡುವೆ. ಮುಮ್ತಾಜ್, ಮುಮ್ಮು. ನಮ್ಮ ಅಭ್ಯಾಸದ ಕೋಣೆಯ ಮೂಲೆಯಲ್ಲೇ ಅವಳ ತೊಟ್ಟಿಲು. ಓರಗೆಯ ಮಕ್ಕಳು ಓಡುವ ವಯಸ್ಸಾದರೂ ಅವಳು ಎದ್ದು ನಿಂತಿರಲಿಲ್ಲ. ಚಾಪೆಯ ಮೇಲೆ ಕೂರಿಸಿದರೆ ಹಿಟ್ಟಿನ ಮುದ್ದೆಯ ಹಾಗೆ ಕೂತಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ ಇಲಿಯಾಸ್ ಡ್ರಮ್ಸಿನ ಹೊದಿಕೆಯನ್ನೇ ತೆಗೆದಿರಲಿಲ್ಲ.

“ಡಾಕ್ಟರ ಹತ್ರ ಹೋಗಿದ್ವಿ ಅಕ್ಕ,” ಎಂದ. “ಕಾಲು ಹಿಡಿದು ಎಳೆದು ನೋಡಿದ್ರು. ಮೂಳೆ ಸರಿಯಾಗೈತೆ, ನರ ಸರಿಯಾಗೈತೆ ಅಂದ್ರು. ಮನೇಲಿ ಏನ್ ಕೆಲಸ ಮಾಡ್ತೀರಪ್ಪ ಅಂದ್ರು. ಹಾಡು ಕಟ್ತೀವಿ ಅಂದೆ. ಯಾವ ಥರದ್ದು ಅಂದ್ರು. ಮಗಳನ್ನ ಎತ್ಕೊಂಡು ಎದ್ದು ಬಂದೆ.”

ನಾನು ಮುಮ್ಮುವನ್ನು ನೋಡಲಿಲ್ಲ. ಕೊಟ್ರೇಶ ಗಿಟಾರಿನ ತಂತಿ ಬಿಗಿಯುತ್ತಾ, “ಒಂದು ಮಟ್ಟು ಹೊಳೆದಿದೆ, ಸುಮ್ನೆ ಕೇಳು,” ಎಂದು ಶುರು ಮಾಡಿಯೇಬಿಟ್ಟ. ಓಬಮ್ಮನ ಬೀಸುವ ಪದವೇ, ಆದರೆ ಓಡುತ್ತಿತ್ತು. ನನ್ನ ಹಿಮ್ಮಡಿಯ ಕೆಳಗೆ ಚಾಪೆ ಸಡಿಲವಾದಂತಾಯಿತು. ಎದ್ದು ಹೋಗಿ ತಂತಿಗಳ ಮೇಲೆ ಅಂಗೈ ಇಟ್ಟೆ.

“ಬೇಡ.”

“ಯಾಕೆ?”

“ಯಾಕೆ ಅಂತ ನಿನಗೆ ಗೊತ್ತಿಲ್ವಾ? ಇನ್ನೂ ದೂರ ಹೋಗ್ತಾನೆ.”

“ಈಗ ಎಷ್ಟು ದೂರ ಇದಾನೆ ಅಂತ ನಿನಗೆ ಗೊತ್ತಾ?”

“ಕೇಳ್ಸೋಷ್ಟು ದೂರದಲ್ಲಿ.”

“ಯಾರು ಬಂದು ಹೇಳಿದ್ರು? ಆ ಕಾಗೆಗಳಾ? ಅವಕ್ಕೇ ಹಾರೋಕಾಗ್ತಿಲ್ಲ!” ಎಂದ ಕೊಟ್ರೇಶ. ನಗು ಬರಲಿ ಎಂದು ಹೇಳಿದ್ದ, ಯಾರಿಗೂ ಬರಲಿಲ್ಲ.

ಇಲಿಯಾಸ್ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಎತ್ತುವಾಗ ಅವನ ಕೊರಳಿನ ನರ ಉಬ್ಬಿದವು. “ತಿಪ್ಪೇಶಣ್ಣ ಕೇಳೋಷ್ಟು ದೂರದಲ್ಲಿ ಅದಾನೋ ಇಲ್ವೋ, ಅಲ್ಲಾಗೇ ಗೊತ್ತು. ನನ್ ಮಗಳು ಮಾತ್ರ ಕೇಳೋಷ್ಟು ಹತ್ರದಲ್ಲೇ ಅದಾಳೆ ಅಕ್ಕ. ನಾಳೆಯಿಂದ ನಾನು ಬಾರ್ಸಲ್ಲ. ನೀನು ಬೇರೆಯೋರನ್ನ ನೋಡ್ಕೋ.”

ಹಾರ್ಮೋನಿಯಂ ಎತ್ತಿಕೊಂಡು ಹೊರಬಿದ್ದೆ. ಓಬಮ್ಮತ್ತೆಯ ಬಳಿ ಹೋಗಿ ಇವರಿಬ್ಬರ ಮೇಲೆ ದೂರು ಹೇಳಬೇಕೆನಿಸಿತ್ತು. ಊರಿನಲ್ಲಿ ನನ್ನಷ್ಟೇ ಕಾಯುತ್ತಿರುವವರು ಅವರೊಬ್ಬರೇ. ಅವರು ಒಂದು ಮಾತು ಅಂದರೆ ಇಲಿಯಾಸ್ ಕೇಳುತ್ತಾನೆ. ಅವತ್ತು ಸಂಜೆ ಕಾರ್ಯಕ್ರಮ ಬೇರೆ ಇತ್ತು.

ಮಂಡಕ್ಕಿ ಅಂಗಡಿ ಮುಚ್ಚಿತ್ತು. ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಮೇಲಿನಿಂದ ಧಪ್ ಧಪ್ ಎಂದು ಸದ್ದು. ಏಣಿ ಹತ್ತಿ ಮಾಳಿಗೆಗೆ ಹೋದೆ. ಮಾಳಿಗೆಯ ತುಂಬ ಹಾಸಿಗೆ. ಕಾಲಿಡಲು ಜಾಗವಿಲ್ಲದಷ್ಟು, ಒಂದರ ಪಕ್ಕ ಒಂದು ಸೇರಿಸಿ, ಕೆಲವೆಡೆ ಒಂದರ ಮೇಲೊಂದು. ಹತ್ತಿಯವು, ನಾರಿನವು, ಯಾರದೋ ಮದುವೆಯ ಕೆಂಪು ಹೂವಿನದು. ಓಬಮ್ಮ ನಡುವೆ ಮಂಡಿಯೂರಿ ಕೂತು ಒಂದನ್ನು ಗುದ್ದಿ ಗುದ್ದಿ ಮೆತ್ತಗೆ ಮಾಡುತ್ತಿದ್ದರು.

“ಏನತ್ತೆ ಇದು, ಯಾರ ಮನೆ ಹಾಸಿಗೆ ಇಷ್ಟೊಂದು ಒಣಗಿಸ್ತಿದೀರಾ?”

“ಒಣಗಿಸ್ತಿಲ್ಲ ಕಣವ್ವ. ಇವತ್ತು ನಿನ್ ಹಾಡೈತಲ್ಲ.”

ನನಗೆ ಅರ್ಥವಾಗಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ನೀನ್ ಹಾಡಿದ್ ದಿನ ಇಡೀ ಊರು ಕೆಳಕ್ಕೆ ಜಗ್ಗತೈತೆ. ನೆಲದ ಮೇಲೆ ಗಟ್ಟಿ ಕುಂತಿರೋ ನಾವೇ ಕುಸೀತೀವಿ. ಹಿಡ್ಕಣಾಕೆ ಒಂದ್ ಕೊಂಬೆ ಇಲ್ದೆ ಅಲ್ಲಿ ಇರೋನು ದಬಕ್ಕಂತ ಬಿದ್ರೆ? ಅಷ್ಟ್ ಎತ್ತರದಿಂದ ಬಿದ್ರೆ ಏನುಳೀತದೆ?”

“ಪ್ರತಿ ಸಲಾನೂ ಹಾಸ್ತೀರಾ?”

“ಮತ್ತೆ? ಓಣಿಯೋರೆಲ್ಲ ಕೊಡ್ತಾರೆ, ಪಾಪ. ಅಗೋ ಆ ನೀಲಿದು ಎದುರು ಮನೆಯೋರ್ದು, ಬರೀ ತಿಗಣೆ. ಅದನ್ನ ಅಂಚಿಗೆ ಹಾಕೀನಿ. ಬಿದ್ರೂ ನನ್ ಮಗ ತಿಗಣೆ ಮೇಲೆ ಯಾಕ್ ಬೀಳಬೇಕು?” ಎಂದು ನಕ್ಕರು. ಆಮೇಲೆ ನಗು ಹೋಯಿತು. “ಇಲ್ಲೇ ಬೀಳ್ತಾನೆ ಅಂತ ಏನ್ ಖಾತ್ರಿ? ಗುಡ್ಡದ ಬಂಡೆ ಮೇಲೆ ಬಿದ್ರೂ ಬಿದ್ದಾನೆ. ನಿನ್ ಹಾಡು ಮುಗಿಯೋತನಕ ಕಿವಿ ಅತ್ಲಾಗೇ ಇರ್ತದೆ ನಂಗೆ. ಏನೂ ಸದ್ದಾಗ್ಲಿಲ್ಲ ಅಂದ್ರೆ, ಸದ್ಯ, ಇವತ್ತೊಂದ್ ದಿನ ಉಳಕಂಡ ಅಂತ ಬಂದು ಮಡಚಿ ಇಡ್ತೀನಿ.”

“ನನಗೆ ಯಾಕತ್ತೆ ಹೇಳ್ಲಿಲ್ಲ?”

“ನೀನ್ ಅಷ್ಟ್ ಆಸೆ ಇಟ್ಕಂಡು ಹಾಡ್ತಿದ್ದೆ. ನಿಂದೊಂದ್ ಆಸೆ, ನಂದೊಂದ್ ಭಯ. ಎರಡೂ ಇರ್ಲಿ ಬಿಡು ಅಂತ.”

“ಹಂಗಾದ್ರೆ ಅವನು ಬರೋದು ಬೇಡ್ವಾ ನಿಮಗೆ?”

“ಅಯ್ಯ, ಬರ್ಲಿ! ಬೀಳೋದು ಬ್ಯಾಡ.”

ಹಾರ್ಮೋನಿಯಂ ಕೆಳಗಿಟ್ಟು ಕೆಂಪು ಹೂವಿನ ಹಾಸಿಗೆಯ ಮೇಲೆ ಅಂಗಾತ ಮಲಗಿದೆ. ಬಿಸಿಲಿಗೆ ಹತ್ತಿ ಬೆಚ್ಚಗಾಗಿತ್ತು. ಅಷ್ಟು ದಿನ ಆಕಾಶವನ್ನು ನೋಡಿದ್ದೆನಲ್ಲ, ಅದರಿಂದ ಯಾರಾದರೂ ಬೀಳಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾನು ಎಣಿಸಿದ್ದು ಅವನು ಮೆಟ್ಟಿಲಿಳಿದ ಹಾಗೆ ಇಳಿಯುತ್ತಾನೆ, ಮ್ಯಾಂಡೊಲಿನ್ ಹಿಡಿದುಕೊಂಡು, ತುಸು ನಾಚಿಕೊಂಡು. ಈಗ ಕಣ್ಣು ಮುಚ್ಚಿದರೆ ಬೇರೆಯೇ ಕಾಣುತ್ತಿತ್ತು. ಓಬಮ್ಮ ನನ್ನ ಪಕ್ಕದ ಹಾಸಿಗೆಯನ್ನು ಗುದ್ದುವುದನ್ನು ಮುಂದುವರಿಸಿದರು.

ಅವತ್ತು ಸಂಜೆ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದೆ. ಮರುದಿನ ಇಲಿಯಾಸನ ಮನೆಗೆ ಹೋಗಿ, “ಆ ಮಟ್ಟು ಇನ್ನೊಂದ್ಸಲ ನುಡಿಸು,” ಎಂದು ಕೊಟ್ರೇಶನಿಗೆ ಹೇಳಿದೆ. ತಿಪ್ಪೇಶ ಕೇಳಿಸುವಷ್ಟು ದೂರದಲ್ಲಿದ್ದರೆ ಇದೇ ಕೊನೆ, ಈ ಹಾಡು ಅವನನ್ನು ಆಚೆಗೆ ನೂಕುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮಾತು ಕಟ್ಟಲು ನನಗೆ ಬರುತ್ತಿರಲಿಲ್ಲ, ಅದು ಅವನ ಕೆಲಸವಾಗಿತ್ತು. ಸಂತೋಷದ ಮಾತು ಬರೆಯಲು ಕೂತರೆ ಎಲ್ಲ ಸುಳ್ಳು ಅನಿಸುತ್ತಿತ್ತು. ಕೊನೆಗೆ ಸುಳ್ಳಲ್ಲದ್ದು ಒಂದೇ ಸಿಕ್ಕಿತು, ಮಾಳಿಗೆಯ ಮೇಲೆ ಕಂಡದ್ದು. “ಹಾಸಿಗೆ ಹಾಸಿದೆ ಮಾಳಿಗೆಗೆ, ಬಿಸಿಲೇ ಬಂದು ಮಲಗಿತ್ತ. ಎಬ್ಬಿಸಬೇಡಿ ಎಬ್ಬಿಸಬೇಡಿ, ಬಲು ದೂರದಿಂದ ಬಂದೈತ.” ಇಲಿಯಾಸ್ ಮೊದಲ ಸಲ ಕೇಳಿ ಮುಖ ಆಚೆ ತಿರುಗಿಸಿ, ಆಮೇಲೆ ಕೋಲು ಹುಡುಕಿದ. ಕೋಲಿಗೆ ಗೆದ್ದಲು ಹಿಡಿದಿತ್ತು, ಹೊಸದು ತಂದ. ಅವನ ನಡುಮನೆಯ ತೊಲೆ ತಗ್ಗು. ಮೈ ಭಾರವಾಗಿದ್ದರಿಂದ ಮೊದಲು ಏನೂ ಆಗಲಿಲ್ಲ, ಆಮೇಲಾಮೇಲೆ ಕೊಟ್ರೇಶನ ತಲೆ ತೊಲೆಗೆ ತಾಗತೊಡಗಿತು. ಪ್ರತಿ ಸಲ ತಾಗಿದಾಗಲೂ ಅವನು ಬೈಯುತ್ತಿದ್ದ, ಬೈಗುಳದಲ್ಲಿ ಖುಷಿ ಇತ್ತು. ಆ ದಿನಗಳಲ್ಲಿ ಮುಮ್ಮುವನ್ನು ಅವಳ ಅಜ್ಜಿಯ ಮನೆಗೆ ಕಳಿಸಿದ್ದರು, ಮಗುವಿನ ತಲೆಗೆ ತೊಲೆ ಬಡಿದರೆ ಎಂದು.

ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಕೊಟ್ರೇಶ ನನ್ನ ಸೊಂಟಕ್ಕೆ ಕಲ್ಲು ಕಟ್ಟಿದ. ಒಂದು ಗಂಟು, ಅದರ ಮೇಲೆ ಇನ್ನೊಂದು, ಹಲ್ಲಿನಿಂದ ಎಳೆದು ಮತ್ತೊಂದು.

“ಏನೋ ಇದು, ಎಮ್ಮೆ ಕಟ್ಟಿದ ಹಂಗೆ? ನಂಬಿಕೆ ಇಲ್ವಾ ನನ್ನ ಮೇಲೆ?”

“ಇಲ್ಲ.”

“ನಿಜವಾಗ್ಲೂ?”

“ಅಂಬು, ಇಷ್ಟು ದಿನ ಬೇಡ ಬೇಡ ಅಂದೋಳು ಒಂದೇ ರಾತ್ರಿಗೆ ಹೂಂ ಅಂದೆ. ನಾನೇನು ದಡ್ಡನಾ?” ಅವನು ತಲೆ ಎತ್ತಲಿಲ್ಲ. “ಅವನ ಹಿಂದೆ ಹೋಗಲ್ಲ ತಾನೆ?”

ಇಲ್ಲ ಎಂದೆ. ಅದು ನಿಜವೋ ಅಲ್ಲವೋ ನನಗೇ ತಿಳಿದಿರಲಿಲ್ಲ.

ಮೈದಾನದಲ್ಲಿ ಗದ್ದಲ. ಕುಣಿಸುವ ಹಾಡಂತೆ ಎಂದು ಸುದ್ದಿಯಾಗಿ, ಜನ ಕಲ್ಲು ಹುಡುಕಿಕೊಂಡು ಬಂದಿದ್ದರು. ಒಬ್ಬರ ಕಲ್ಲಿಗೆ ಉಪ್ಪಿನಕಾಯಿಯ ವಾಸನೆ, ಇನ್ನೊಬ್ಬರದರ ಮೇಲೆ ಗೋಡೆಯ ಸುಣ್ಣ. ಹಗ್ಗ ಕಟ್ಟುವುದು ಮರೆತುಹೋಗಿ ಪಕ್ಕದವರನ್ನು ಕೇಳುತ್ತಿದ್ದರು. ಮೇಷ್ಟರ ಕೋಟನ್ನು ಇಲಿ ಕಡಿದಿತ್ತು, ಅವರು ನಡೆದಲ್ಲೆಲ್ಲ ಮರಳಿನ ಗೆರೆ. ಗೇಟಿನಲ್ಲಿ ಓಬಮ್ಮ ಹಿತ್ತಿಲ ಕಲ್ಲುಗಳನ್ನು ಗುಡ್ಡೆ ಹಾಕಿಕೊಂಡು, “ಇರುವೆ ಕೊಡವಿಕಳ್ರಪ್ಪ, ಆಮೇಲೆ ಮೇಲೆ ಹೋಗಿ ಕೆರಕಂಡ್ರೆ ನಾನ್ ಜವಾಬ್ದಾರಿ ಅಲ್ಲ,” ಎನ್ನುತ್ತಿದ್ದರು.

ಇಲಿಯಾಸ್ ಕೋಲಿಗೆ ಕೋಲು ತಾಗಿಸಿ ಎಣಿಸಿದ. ಶುರು ಮಾಡಿದೆವು. ಏನೂ ಆಗಲಿಲ್ಲ.

ಪಲ್ಲವಿ ಒಂದು ಸುತ್ತು ಬಂತು, ಚರಣ ಬಂತು. ಜನ ತಮ್ಮ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು. ಧೂಳಿನಲ್ಲಿ ಚಪ್ಪಲಿಗಳು ನೆಟ್ಟ ಹಾಗೆ ಇದ್ದವು. ಹಿಂದಿನಿಂದ ಯಾರೋ, “ನಿಧಾನದ್ದೇ ಹಾಡವ್ವ, ಕುಂತು ಕೇಳ್ತೀವಿ! ಕಲ್ಲಿನ ಬಾಡಿಗೆ ದಂಡ!” ಎಂದು ಕೂಗಿದ. ನಗು ಎದ್ದಿತು. ನಾನು ನಿಲ್ಲಿಸಿದೆ. ಸ್ಪೀಕರು ಕೊಂಯ್ ಎಂದಿತು.

ಕೊಟ್ರೇಶ ಹತ್ತಿರ ಬಂದು ಕಿವಿಯಲ್ಲಿ, “ನೀನು ಎಳೀತಿದೀಯ,” ಎಂದ. “ತಾಳ ಓಡ್ತಿದೆ, ನೀನು ಸಾಲಿನ ಕೊನೆ ಹಿಡ್ಕೊಂಡು ಕೆಳಕ್ಕೆ ಎಳೀತಿದೀಯ. ಬಿಟ್ಬಿಡು. ಸಾಲು ಮುಗೀತಾ, ಬಿಟ್ಬಿಡು.”

ಅವನು ಹೇಳಿದ್ದು ಸರಿ. ಕೋಣೆಯಲ್ಲಿ ಬಾರದ ಚಾಳಿ ಇಲ್ಲಿ, ತಿಪ್ಪೇಶ ಏರಿಹೋದ ಅದೇ ಆಕಾಶದ ಕೆಳಗೆ, ಮರಳಿತ್ತು. ಪ್ರತಿ ಸಾಲಿನ ಕೊನೆಯ ಸ್ವರವನ್ನು ನಾನು ಬಾವಿಗೆ ಕೊಡ ಇಳಿಸಿದ ಹಾಗೆ ಇಳಿಸುತ್ತಿದ್ದೆ, ಅದರ ತುದಿಗೆ ಅವನು ಸಿಕ್ಕಿಕೊಂಡು ಬರುತ್ತಾನೆ ಎಂಬಂತೆ. ಒಮ್ಮೆ ಉಸಿರೆಳೆದುಕೊಂಡು ಇಲಿಯಾಸನ ಕಡೆ ನೋಡಿದೆ. ಮತ್ತೆ ಎಣಿಸಿದ.

ಹಾಸಿಗೆ ಹಾಸಿದೆ ಮಾಳಿಗೆಗೆ. ಬಿಟ್ಟೆ. ಬಿಸಿಲೇ ಬಂದು ಮಲಗಿತ್ತ. ಬಿಟ್ಟೆ. ಬಿಡುವಾಗ ಪ್ರತಿ ಸಲವೂ ಎದೆಯಲ್ಲಿ ಏನೋ ಕಿತ್ತ ಹಾಗಾಗುತ್ತಿತ್ತು, ಮುಂದಿನ ಸಾಲು ಅದು ವಾಸಿಯಾಗಲು ಸಮಯ ಕೊಡದೆ ಬಂದುಬಿಡುತ್ತಿತ್ತು. ವೇದಿಕೆಯ ಎದುರಿನ ಜಮಖಾನದ ಮೇಲೆ ಮುಮ್ಮು ತಾಯಿಯ ಮಡಿಲಲ್ಲಿದ್ದಳು. ಅವಳು ಜಾರಿ ಕೆಳಗಿಳಿದಳು. ಎರಡು ಕೈ ನೆಲಕ್ಕೆ ಊರಿ, ಅಂಡು ಮೇಲೆತ್ತಿ, ಹಾಗೇ ಯೋಚಿಸುತ್ತಾ ಇದ್ದು, ಆಮೇಲೆ ಕೈ ಬಿಟ್ಟಳು. ಅವಳೇ ನಿಂತಳೋ, ಹಾಡು ಎತ್ತಿ ನಿಲ್ಲಿಸಿತೋ ಹೇಳಲಾರೆ. ಹಿಂದೆ ಡ್ರಮ್ಸ್ ಒಂದು ಪೆಟ್ಟು ತಪ್ಪಿತು. ಇಲಿಯಾಸ್ ಎಂದೂ ಪೆಟ್ಟು ತಪ್ಪಿದವನಲ್ಲ. “ಯಾ ಅಲ್ಲಾ, ನೋಡ್ರೋ!” ಎಂದು ಮೈಕಿಲ್ಲದೆಯೇ ಕೂಗಿದ. ಆಮೇಲೆ ಕೋಲುಗಳು ಕಾಣದಷ್ಟು ಜೋರಾಗಿ ಬಾರಿಸಿದ.

ಮೈದಾನ ಎದ್ದಿತು. ಮೊದಲು ಮಕ್ಕಳು, ಮುದುಕರು, ಆಮೇಲೆ ಎಲ್ಲರೂ. ಮೇಷ್ಟರು ಎರಡು ಜೇಬೂ ಸೋರಿ ಎಲ್ಲರಿಗಿಂತ ಮೇಲಿದ್ದರು, ಯಾರೋ ಅವರ ಪಂಚೆಯ ಅಂಚು ಹಿಡಿದಿದ್ದರು. ನನ್ನ ಪಾದ ಹಲಗೆ ಬಿಟ್ಟಿತು. ಮೈಕು ಗಲ್ಲದ ಕೆಳಗೆ ಹೋಯಿತು, ಆಮೇಲೆ ಎದೆಯ ಕೆಳಗೆ. ಸೊಂಟದ ಹಗ್ಗ ಬಿಗಿಯಿತು. ಮೈಕಿಲ್ಲದ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು, ಉಳಿದದ್ದನ್ನು ಜನ ಹಾಡುತ್ತಿದ್ದರು.

ತಲೆ ಎತ್ತಿದೆ. ಮೋಡವಿಲ್ಲದ ಆಕಾಶ. ಅಲ್ಲಿ ಅವನಿರಲಿಲ್ಲ. ಒಂದು ಚುಕ್ಕೆಯೂ ಇರಲಿಲ್ಲ.

ಇನ್ನೂ ಸ್ವಲ್ಪ ಎಂದಿತು ಮೈ. ಹಗ್ಗವಿಲ್ಲದಿದ್ದರೆ ಎಂದಲ್ಲ, ಅವನ ಬಳಿಗೆ ಎಂದೂ ಅಲ್ಲ, ಹಾಡು ಎಷ್ಟು ಚೆನ್ನಾಗಿತ್ತೆಂದರೆ ಇನ್ನೂ ಸ್ವಲ್ಪ, ಅಷ್ಟೇ. ಅವನು ನನ್ನನ್ನು ಬಿಟ್ಟು ಹೋದನೋ ಎಂದು ಅಷ್ಟು ಕಾಲ ಕೇಳಿಕೊಂಡಿದ್ದೆನಲ್ಲ, ಅಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಗಂಟು ಬಿಚ್ಚಬೇಕೆಂದರೆ ಒಂದು ಕೈ ಬೇಕು. ಒಂದು ಕೈ ಹಾರ್ಮೋನಿಯಂನ ತಿದಿ ಒತ್ತುತ್ತಿತ್ತು, ಇನ್ನೊಂದು ಅದರ ಸ್ವರದ ಮನೆಗಳ ಮೇಲೆ ಓಡುತ್ತಿತ್ತು. ಯಾವ ಕೈ ತೆಗೆದರೂ ಕೆಳಗೆ ಮುಮ್ಮು ಕೂತುಬಿಡುತ್ತಾಳೆ. ಕೊಟ್ರೇಶ ನನ್ನ ಕೈಗಳನ್ನೇ ನೋಡುತ್ತಿದ್ದ. ನೋಡಲಿ ಎಂದು ಎರಡೂ ಕೈಯಿಂದ ಇನ್ನಷ್ಟು ಜೋರಾಗಿ ನುಡಿಸಿದೆ.

ಇದು ತಿಪ್ಪೇಶನಿಗೂ ಕೇಳಿಸಿದ್ದರೆ ಅವನೂ ಒಂದು ಗೇಣು ಏರಿರುತ್ತಾನೆ, ನಮ್ಮ ನಡುವಿನ ದೂರ ಅಷ್ಟೇ ಇರುತ್ತದೆ. ಕೇಳಿಸದಿದ್ದರೆ ನಾನು ಅವನಿಗೆ ಒಂದು ಗೇಣು ಹತ್ತಿರವಿದ್ದೇನೆ. ಇವೆರಡರಲ್ಲಿ ಯಾವುದು ಬೇಕು ಎಂದು ಯಾರಾದರೂ ಕೇಳಿದ್ದರೆ ನನ್ನಿಂದ ಹೇಳಲಾಗುತ್ತಿರಲಿಲ್ಲ.

ಕೊನೆಯ ಸುತ್ತು ಬಂತು. ಜನರ ಕಾಲುಗಳು ಇಳಿಯಲು ಸಿದ್ಧವಾಗಿ ಕೆಳಕ್ಕೆ ಚಾಚಿದವು. ಮುಗಿಸೋಣವೇ ಎಂದು ಕೊಟ್ರೇಶ ಹುಬ್ಬೇರಿಸಿದ. ನಾನು ಇಲ್ಲವೆಂದು ತಲೆಯಾಡಿಸಿ ಪಲ್ಲವಿಯನ್ನು ಮತ್ತೆ ಎತ್ತಿಕೊಂಡೆ.